ಕುಡಿತ ಬಿಡಿಸಲು ಗುಟ್ಟಿನ ಪುಡಿಯೋ, ತರಬೇತಿ ಪಡೆದ ನಮ್ಮೂರಿನವರೋ?

‘ಗಂಡನಿಗೆ ಗೊತ್ತಾಗದಂತೆ ಈ ಪುಡಿಯನ್ನು ಸಾರಿನಲ್ಲಿ ಬೆರೆಸಿ, ವಾರದಲ್ಲಿ ಕುಡಿತ ಬಿಡುತ್ತಾರೆ.’ ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರ ಜೊತೆಗೇ ಓಡಾಡುವ ಇನ್ನೊಂದು ಮಾತಿದೆ: ‘ಚಟ ಬಿಡಿಸುವುದು ದೊಡ್ಡ ಡಾಕ್ಟರ ಕೆಲಸ, ನಮ್ಮೂರಲ್ಲಿ ಏನೂ ಆಗಲ್ಲ.’

ಎರಡೂ ಸರಿಯಲ್ಲ. ಮೊದಲನೆಯದು ಜೀವಕ್ಕೇ ಅಪಾಯ ತರಬಹುದು. ಎರಡನೆಯದನ್ನು ನಂಬಿದರೆ ಹತ್ತಿರದಲ್ಲೇ ಸಿಗುವ ಸಹಾಯ ಕೈತಪ್ಪುತ್ತದೆ. ಒಂದೊಂದಾಗಿ ನೋಡೋಣ.

ಪುಡಿಯಲ್ಲಿ ಏನಿರಬಹುದು?

ಹೆಸರಿಲ್ಲದ ಪುಡಿಯಲ್ಲಿ ಏನಿದೆ ಎಂದು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಆದರೆ ಕುಡಿತ ಬಿಡಿಸಲು ವೈದ್ಯರು ನಿಜವಾಗಿ ಬಳಸುವ ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ. ಅದನ್ನು ತೆಗೆದುಕೊಂಡವರು ಮದ್ಯ ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯಬಹುದು. ಕೆಲವೊಮ್ಮೆ ಸಾವೂ ಸಂಭವಿಸಬಹುದು. ಅದಕ್ಕಾಗಿಯೇ ರೋಗಿಗೆ ಎಲ್ಲವನ್ನೂ ತಿಳಿಸಿ, ಒಪ್ಪಿಗೆ ಪಡೆದು, ಪರೀಕ್ಷೆ ಮಾಡಿದ ಮೇಲೆಯೇ ಇದನ್ನು ಕೊಡುತ್ತಾರೆ. ಗೊತ್ತಿಲ್ಲದಂತೆ ಕೊಡುವ ಔಷಧಿ ಇದಲ್ಲವೇ ಅಲ್ಲ.

ಇನ್ನೊಂದು ಅಪಾಯವೂ ಇದೆ. ವರ್ಷಗಟ್ಟಲೆ ದಿನಾ ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಮೂರ್ಛೆ (ಫಿಟ್ಸ್), ಕೈನಡುಕ, ಇಲ್ಲದ್ದನ್ನು ಕಾಣುವುದು, ಗೊಂದಲ ಶುರುವಾಗಬಹುದು. ಇದು ಮೊದಲ ಕೆಲವು ದಿನಗಳಲ್ಲೇ ಆಗುತ್ತದೆ. ಇಂಥವರನ್ನು ಮನೆಯಲ್ಲಿ ಕೂಡಿಹಾಕಿ ‘ಬಿಡಿಸುವುದು’ ತಪ್ಪು. ಅವರಿಗೆ ವೈದ್ಯರ ನೆರವು ಬೇಕೇ ಬೇಕು.

ಚಿಕಿತ್ಸೆ ಇದೆ, ತಲುಪುತ್ತಿಲ್ಲ

ದೆಹಲಿಯ ಏಮ್ಸ್ ನೇತೃತ್ವದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ 10ರಿಂದ 75 ವರ್ಷದ ಭಾರತೀಯರಲ್ಲಿ ಶೇ 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಮದ್ಯವಿಲ್ಲದೆ ಇರಲಾಗದ ಹಂತ ತಲುಪಿದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ.

ಉಳಿದ 37 ಜನರೂ ಮನೋವೈದ್ಯರ ಹತ್ತಿರವೇ ಹೋಗಬೇಕು ಎಂದರೆ ಅಷ್ಟು ಮನೋವೈದ್ಯರು ದೇಶದಲ್ಲಿಲ್ಲ. ಹಾವೇರಿಯಿಂದ ಧಾರವಾಡದ ಡಿಮ್ಹಾನ್ಸ್‌ಗೆ ಸುಮಾರು 100 ಕಿ.ಮೀ., ಬೆಂಗಳೂರಿನ ನಿಮ್ಹಾನ್ಸ್‌ಗೆ 300 ಕಿ.ಮೀ.ಗೂ ಹೆಚ್ಚು. ದಿನಗೂಲಿ ಬಿಟ್ಟು ಅಷ್ಟು ದೂರ ಮತ್ತೆ ಮತ್ತೆ ಹೋಗಿಬರುವುದು ಎಷ್ಟು ಮನೆಗಳಿಗೆ ಸಾಧ್ಯ?

ಗೋವಾದಲ್ಲಿ ಏನು ಮಾಡಿದರು?

ಪಕ್ಕದ ಗೋವಾದಲ್ಲಿ ಸಂಗತ್ ಎಂಬ ಸಂಸ್ಥೆಯ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಮಾನಸಿಕ ಆರೋಗ್ಯದ ಯಾವ ವೃತ್ತಿ ತರಬೇತಿಯೂ ಇಲ್ಲದ ಸಾಮಾನ್ಯ ಜನರನ್ನು ಆರಿಸಿ, ಆಪ್ತಸಮಾಲೋಚನೆ ಕಲಿಸಿದರು. ಅವರು 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಹಾನಿಯಾಗುವಷ್ಟು ಕುಡಿಯುತ್ತಿದ್ದ ಗಂಡಸರ ಜೊತೆ ಹೆಚ್ಚೆಂದರೆ ನಾಲ್ಕು ಸಲ ಕುಳಿತು ಮಾತಾಡಿದರು. ಬೈಗುಳವಿಲ್ಲ, ಉಪದೇಶವಿಲ್ಲ. ಎಷ್ಟು ಕುಡಿಯುತ್ತೀರಿ, ಅದರಿಂದ ಏನಾಗುತ್ತಿದೆ, ಗೆಳೆಯರು ಕರೆದಾಗ ಹೇಗೆ ‘ಬೇಡ’ ಅನ್ನಬಹುದು, ಮತ್ತೆ ಜಾರಿದರೆ ಏನು ಮಾಡಬೇಕು ಎಂಬ ಮಾತುಕತೆ ಮಾತ್ರ.

ಫಲಿತಾಂಶ 2017ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ತಿಂಗಳ ನಂತರ, ಸಮಾಲೋಚನೆ ಪಡೆದವರಲ್ಲಿ ಶೇ 36ರಷ್ಟು ಜನ ಹಾನಿಕರ ಮಟ್ಟದಿಂದ ಹೊರಬಂದಿದ್ದರು. ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಇದು ಶೇ 26. ಇದೇನೂ ಪವಾಡವಲ್ಲ. ಕುಡಿಯುವುದನ್ನು ಮುಂದುವರಿಸಿದವರಲ್ಲಿ ಕುಡಿಯುವ ಪ್ರಮಾಣ ಕಡಿಮೆಯಾಗಲಿಲ್ಲ. ಆದರೂ ನಾಲ್ಕು ಭೇಟಿಗಳಲ್ಲಿ ಇಷ್ಟು ಬದಲಾವಣೆ ಸಣ್ಣದಲ್ಲ. ತರಬೇತಿ ಮುಗಿದ ಮೇಲೂ ಅವರ ಕೆಲಸವನ್ನು ಪರಿಶೀಲಿಸಿ ತಿದ್ದುವ ವ್ಯವಸ್ಥೆ ಇತ್ತು ಎಂಬುದೂ ಮುಖ್ಯ.

ಯಾರಿಗೆ ತರಬೇತಿ ಕೊಡಬೇಕು?

ಅಮೆರಿಕದಲ್ಲಿ ಈ ಪ್ರಶ್ನೆ ಹಳೆಯದು. ಅಲ್ಲಿನ ಕಪ್ಪು ಸಮುದಾಯದವರಿಗೆ, ತಮ್ಮ ಬದುಕು ಗೊತ್ತಿರುವ ಆರೋಗ್ಯ ಸಿಬ್ಬಂದಿ ಸಿಗುವುದು ಕಷ್ಟವಾಗಿತ್ತು. ಅದಕ್ಕೇ 1970ರ ದಶಕದಲ್ಲಿ ‘ಮೈನಾರಿಟಿ ಫೆಲೋಶಿಪ್’ ಯೋಜನೆ ಶುರುವಾಯಿತು. ಕಪ್ಪು ಸಮುದಾಯ ಹಾಗೂ ಇತರ ಅಲ್ಪಸಂಖ್ಯಾತ ಸಮುದಾಯಗಳಿಗೆ ಮಾನಸಿಕ ಆರೋಗ್ಯ ಮತ್ತು ವ್ಯಸನ ಕ್ಷೇತ್ರದಲ್ಲಿ ಕೆಲಸ ಮಾಡುವವರನ್ನು ಹೆಚ್ಚಿಸುವುದು ಅದರ ಗುರಿಯಾಗಿತ್ತು. ತರಬೇತಿಯ ಜೊತೆ ಹಣದ ನೆರವೂ ಇತ್ತು.

ಇದನ್ನು ನಮ್ಮ ಕಡೆಗೆ ಹೊಂದಿಸಿ ನೋಡಿ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರು, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ರಾಣೇಬೆನ್ನೂರು ಸುತ್ತಿನ ಬೀಜೋತ್ಪಾದನೆ ಹೊಲಗಳ ಕೂಲಿಕಾರರು, ಹಾವೇರಿ ಜಿಲ್ಲೆಯ ಲಂಬಾಣಿ ತಾಂಡಾಗಳ ಜನ. ಇವರಿಗೆ ಪುಸ್ತಕದ ಕನ್ನಡದಲ್ಲಿ ‘ನೀವು ದೈನಂದಿನ ಎಷ್ಟು ಪ್ರಮಾಣದ ಮದ್ಯ ಸೇವಿಸುತ್ತೀರಿ?’ ಎಂದು ಕೇಳಿದರೆ ನಾಚಿಕೆಗೆ ಸುಳ್ಳೇ ಉತ್ತರವಾಗಬಹುದು. ಅದೇ ಓಣಿಯ ಹುಡುಗಿ ‘ಕಾಕಾ, ದಿನಾ ಎಷ್ಟ್ ಆಗತೈತ್ರಿ?’ ಎಂದು ಕೇಳಿದರೆ ಮಾತು ಬೇರೆ. ತಾಂಡಾದಲ್ಲಿ ಲಂಬಾಣಿ ಭಾಷೆಯಲ್ಲೇ ಕೇಳಿದರೆ ಇನ್ನೂ ಒಳ್ಳೆಯದು.

ಹಣದ ನೆರವಿನ ವಿಷಯವೂ ಸಣ್ಣದಲ್ಲ. ಕೂಲಿಯ ಮೇಲೆ ಮನೆ ನಡೆಸುವವರಿಗೆ ಹತ್ತು ದಿನದ ಉಚಿತ ತರಬೇತಿಯೂ ದುಬಾರಿಯೇ. ಭತ್ಯೆ ಇಲ್ಲದಿದ್ದರೆ ಬರುವವರು ಬರಬಲ್ಲವರು ಮಾತ್ರ. ಬರಬೇಕಾದವರು ಹೊರಗೇ ಉಳಿಯುತ್ತಾರೆ.

ಕರ್ನಾಟಕಕ್ಕೆ ಇದು ಹೊಸದೇ?

ಅಲ್ಲ. ನಿಮ್ಹಾನ್ಸ್ ತಜ್ಞರು 1970ರ ದಶಕದಲ್ಲೇ ಬೆಂಗಳೂರು ಹತ್ತಿರದ ಸಕಲವಾರದ ಕೇಂದ್ರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಸಿಬ್ಬಂದಿಗೆ ಮಾನಸಿಕ ಆರೋಗ್ಯದ ಪಾಠ ಶುರುಮಾಡಿದ್ದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ದೊಡ್ಡದಾಗಿ ಮಾಡಿ ನೋಡಿದರು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಇಂದು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ವೈದ್ಯರಿಗೂ ಆಪ್ತಸಮಾಲೋಚಕರಿಗೂ ಆನ್‌ಲೈನ್ ತರಬೇತಿ ಕೊಡುತ್ತದೆ.

ಹಾಗಾಗಿ ಬೇಡಿಕೆ ಹೀಗಿರಬೇಕು: ಈ ತರಬೇತಿ ಆಶಾ ಕಾರ್ಯಕರ್ತೆಯರವರೆಗೆ, ತಾಂಡಾದ ಓದಿದ ಯುವಕರವರೆಗೆ, ಕುಡಿತ ಬಿಟ್ಟು ಗಟ್ಟಿಯಾಗಿ ನಿಂತವರವರೆಗೆ ಬರಲಿ. ಜೊತೆಗೆ ಭತ್ಯೆಯೂ ಇರಲಿ, ತರಬೇತಿ ಆದಮೇಲೆ ಕೈಹಿಡಿದು ನಡೆಸುವವರೂ ಇರಲಿ. ನಿಮ್ಮ ಗ್ರಾಮಸಭೆಯಲ್ಲಿ ಇದನ್ನು ಕೇಳಬಹುದು.

ಮನೆಯಲ್ಲಿ ತೊಂದರೆ ಇದ್ದರೆ ಈಗಲೇ ಏನು ಮಾಡಬಹುದು?

14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ ಮಾನಸ್, ಉಚಿತ, ಕನ್ನಡದಲ್ಲೂ ಮಾತಾಡಬಹುದು.

14446 ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ.

ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಎಲ್ಲಿದೆ ಎಂದು ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯೂ ಗೋಪ್ಯತೆಯೂ ನಿಮ್ಮ ಹಕ್ಕು.

ಕುಡಿತ ನಿಲ್ಲಿಸಿದ ಮೇಲೆ ಫಿಟ್ಸ್, ಗೊಂದಲ ಕಾಣಿಸಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಪುಡಿಯ ಸಂದೇಶ ಮತ್ತೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಬದಲಿಗೆ ಅದೇ ಗುಂಪಿಗೆ ಈ ನಂಬರುಗಳನ್ನು ಹಾಕಿ. ಅದನ್ನು ಹುಡುಕುತ್ತಿರುವ ಒಬ್ಬ ತಾಯಿಯೋ ಹೆಂಡತಿಯೋ ಆ ಗುಂಪಿನಲ್ಲಿ ಇರಬಹುದು.