ಒಂದು ‘ಇಲ್ಲ’ದ ಬೆಲೆ

ಅಕ್ಕ ಸಿಂಗಪುರದಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ. ನನ್ನ ನಾಲ್ಕನೇ ಸೆಮ್ ಮುಗಿದ ರಜೆಯಲ್ಲಿ ಅಪ್ಪ, ಅಮ್ಮ, ನಾನು ಮೊದಲ ಸಲ ವಿಮಾನ ಹತ್ತಿದೆವು. ಇನ್ಶೂರೆನ್ಸ್ ಮಾಡಿಸುವ ಕೆಲಸ ನನ್ನದಾಗಿತ್ತು. ‘ಮೊದಲೇ ಇರುವ ಕಾಯಿಲೆ?’ ಎಂಬ ಪ್ರಶ್ನೆ ಬಂತು. ಅಮ್ಮನ ಶುಗರ್ ಬರೆದರೆ ಪ್ರೀಮಿಯಂ ಏರುತ್ತದೆಂದು ‘ಇಲ್ಲ’ ಒತ್ತಿದೆ. ಉಳಿದದ್ದು ಕೆಲವೇ ನೂರು ರೂಪಾಯಿ.

ಮೂರನೇ ದಿನ ಮರೀನಾ ಬೇ ಬಳಿ ಸುತ್ತುತ್ತಾ ಊಟ ತಡವಾಯಿತು. ಅಮ್ಮ ಬೆವರಿ, ತೊದಲುತ್ತಾ ಕುಸಿದಳು. ಅಕ್ಕ 995ಕ್ಕೆ ಕರೆ ಮಾಡಿ ಆಂಬುಲೆನ್ಸ್ ಕರೆಸಿದಳು. ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದು ಅಮ್ಮ ಚೇತರಿಸಿಕೊಂಡಳು. ನನ್ನ ಕಾಲೇಜು ಫೀಸಿಗೆಂದು ಇಟ್ಟಿದ್ದ ಹಣದಲ್ಲಿ ಅಪ್ಪ ಬಿಲ್ ಕಟ್ಟಿದರು. ಊರಿಗೆ ಬಂದ ಮೇಲೆ ಕ್ಲೇಮ್ ತಿರಸ್ಕೃತವಾಯಿತು. ಅಪ್ಪ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಗೆಳೆಯರೇ, ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ. ಎಲ್ಲ ಪಾಲಿಸಿಗಳೂ ಹಳೆಯ ಕಾಯಿಲೆಗೆ ಹಣ ಕೊಡುವುದಿಲ್ಲ. ಕೊಡುವಂಥದ್ದನ್ನೇ ವಿಚಾರಿಸಿ ಕೊಳ್ಳಿ. ಆಸ್ಪತ್ರೆಗೆ ಸೇರಿದ ಕೂಡಲೇ ಪಾಲಿಸಿಯಲ್ಲಿರುವ ಸಹಾಯವಾಣಿಗೆ ತಿಳಿಸಿ. ಬಿಲ್‌ಗಳ ಮೂಲಪ್ರತಿ ಜೋಪಾನವಾಗಿಡಿ. ಮಾತ್ರೆ, ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ.

ಸಿಂಗಪುರಕ್ಕಾದರೆ ಎಸ್‌ಜಿ ಅರೈವಲ್ ಕಾರ್ಡನ್ನು ತಲುಪುವ ಮೂರು ದಿನದೊಳಗೆ ಸರ್ಕಾರಿ ಜಾಲತಾಣದಲ್ಲಿ ತುಂಬಿ. ಅದು ಉಚಿತ, ದುಡ್ಡು ಕೇಳಿದವರಿಗೆ ಕೊಡಬೇಡಿ. ಎಂಆರ್‌ಟಿ ರೈಲಿನಲ್ಲಿ ತಿನ್ನುವಂತಿಲ್ಲ, ನೀರೂ ಕುಡಿಯುವಂತಿಲ್ಲ. ಮನೆಯವರಿಗೆ ಶುಗರ್ ಇದ್ದರೆ ಹತ್ತುವ ಮೊದಲೇ ಏನಾದರೂ ತಿನ್ನಿಸಿ.

ಮೊನ್ನೆ ಅಮ್ಮ ನಕ್ಕಳು: “ಮುಂದಿನ ಸಲ ನನ್ನ ಶುಗರ್‌ಗೂ ಒಂದು ಟಿಕೆಟ್ ಮಾಡಿಸೋ.” ನನಗೆ ನಗು ಬರಲಿಲ್ಲ.