ವಿಮಾನ ಚಾಲಕರಾಗಲು ಪದವಿ ಬೇಕೇ?

1932ನೆಯ ಇಸವಿ ಅಕ್ಟೋಬರ್ 15ರಂದು ಅಂಚೆಯ ಚೀಲಗಳನ್ನು ಹೊತ್ತ ಪುಟ್ಟ ವಿಮಾನವೊಂದು ಕರಾಚಿಯಿಂದ ಹೊರಟು, ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಬಂದಿಳಿಯಿತು. ಅದನ್ನು ನಡೆಸಿದವರು ಜೆ.ಆರ್.ಡಿ. ಟಾಟಾ. ಅಲ್ಲಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಎಂಬವರು ಅಂಚೆಯನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಮುಂದೆ ಏರ್ ಇಂಡಿಯಾ ಎಂದು ಹೆಸರಾದ ಸಂಸ್ಥೆಯ ಆರಂಭವಾದುದು ಹೀಗೆ. 1929ರಲ್ಲಿಯೇ ಭಾರತದ ಮೊದಲ ಚಾಲಕ ಪರವಾನಗಿಯನ್ನು ಪಡೆದಿದ್ದ ಟಾಟಾ ಅವರು ಯಾವ ವಿಶ್ವವಿದ್ಯಾನಿಲಯದ ಪದವೀಧರರೂ ಆಗಿರಲಿಲ್ಲ.

ಇಂದಿಗೂ ಈ ವೃತ್ತಿಗೆ ಪದವಿ ಕಡ್ಡಾಯವಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ವಾಣಿಜ್ಯ ಚಾಲಕ ಪರವಾನಗಿಯನ್ನು ಬಯಸುವವರಿಗೆ 18 ವರ್ಷ ತುಂಬಿರಬೇಕು; ಭೌತಶಾಸ್ತ್ರ ಮತ್ತು ಗಣಿತ ವಿಷಯಗಳೊಡನೆ ಪಿ.ಯು.ಸಿ. ತೇರ್ಗಡೆಯಾಗಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲಿ ಅರ್ಹರೆನಿಸಬೇಕು. ವಾಯುಮಾರ್ಗ ನಿರ್ಣಯ, ಹವಾಮಾನ ಶಾಸ್ತ್ರ, ವಾಯುಯಾನ ನಿಯಮಗಳು, ವಿಮಾನದ ಯಂತ್ರಜ್ಞಾನ ಮೊದಲಾದ ವಿಷಯಗಳಲ್ಲಿ ಪರೀಕ್ಷೆಗಳನ್ನು ಮುಗಿಸಿ, 200 ಗಂಟೆಗಳ ಹಾರಾಟವನ್ನು ಪೂರೈಸಬೇಕು. ವಿಮಾನ ಸಂಸ್ಥೆಯಲ್ಲಿ ಕ್ಯಾಪ್ಟನ್ ಪದವಿಗೇರಲು ಬೇಕಾದ ಮೇಲಿನ ಪರವಾನಗಿಗೆ 21 ವರ್ಷ ವಯಸ್ಸೂ 1500 ಗಂಟೆಗಳ ಹಾರಾಟವೂ ಅವಶ್ಯ. ಉತ್ತರ ಪ್ರದೇಶದ ಫುರ್ಸತ್‌ಗಂಜಿನಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯೂ ಪ್ರವೇಶಕ್ಕೆ ಬಿ.ಎಸ್ಸಿ.ಯನ್ನು ಕೇಳುವುದಿಲ್ಲ.

ಪದವಿ ಬೇಡವೆಂದ ಮಾತ್ರಕ್ಕೆ ವಿದ್ಯೆ ಬೇಡವೆಂದು ತಿಳಿಯಬಾರದು. ವಿಮಾನವು ತನ್ನ ದಿಕ್ಕಿನಿಂದ ಒಂದೇ ಒಂದು ಡಿಗ್ರಿಯಷ್ಟು ತಪ್ಪಿದರೆ, 60 ಮೈಲಿ ಸಾಗುವಷ್ಟರಲ್ಲಿ ದಾರಿಯಿಂದ ಸುಮಾರು ಒಂದು ಮೈಲಿ ಸರಿದಿರುತ್ತದೆ. ಬಿಸಿಲು ಹೆಚ್ಚಾದಂತೆ ಗಾಳಿ ತೆಳುವಾಗುತ್ತದೆ. ಆಗ ವಿಮಾನ ಮೇಲೇಳಲು ಹೆಚ್ಚು ದೂರ ಓಡಬೇಕಾಗುತ್ತದೆ. ಇಂತಹ ಲೆಕ್ಕಗಳನ್ನು ಚಾಲಕರು ಆತುರದ ಗಳಿಗೆಯಲ್ಲಿಯೂ ತಪ್ಪಿಲ್ಲದೆ ಮಾಡಬೇಕು. ಪ್ರೌಢಶಾಲೆಯ ತ್ರಿಕೋನಮಿತಿಯನ್ನು ಬಾಯಿಪಾಠ ಮಾಡಿ ಮರೆತವರಿಗೆ ಇದು ಸಾಧ್ಯವಾಗದು.

ಪದವಿ ಬೇಕೆಂಬ ಭಾವನೆ ಬೆಳೆಯಲು ಕಾರಣಗಳಿವೆ. ವಾಯುಪಡೆಯ ಚಾಲಕರು ಪದವೀಧರರು, ಪಿ.ಯು.ಸಿ.ಯ ನಂತರ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರಿದವರು ಅಲ್ಲಿಯೇ ಪದವಿ ಪಡೆಯುತ್ತಾರೆ. ಅಮೆರಿಕದಲ್ಲಿ ಕಾನೂನು ಪದವಿಯನ್ನು ಕೇಳದಿದ್ದರೂ ಕೆಲವು ದೊಡ್ಡ ಸಂಸ್ಥೆಗಳು ಬಹುಕಾಲ ಕೇಳುತ್ತಿದ್ದವು. ಡೆಲ್ಟಾ ಸಂಸ್ಥೆಯು 2022ರಲ್ಲಿ ಆ ಕಡ್ಡಾಯವನ್ನು ಕೈಬಿಟ್ಟಿತು. ಆದರೂ ಅಲ್ಲಿ ಮಾನ್ಯತೆ ಪಡೆದ ಕಾಲೇಜಿನ ವೈಮಾನಿಕ ಪದವಿಯುಳ್ಳವರಿಗೆ 1500ಕ್ಕೆ ಬದಲಾಗಿ 1000 ಗಂಟೆಗಳ ಹಾರಾಟವೇ ಸಾಕೆಂಬ ರಿಯಾಯಿತಿ ಉಂಟು.

ಹಾಗಾದರೆ ಪದವಿ ನಿರರ್ಥಕವೇ? ಅಲ್ಲ. ಚಾಲಕರ ತರಬೇತಿಗೆ ಹಲವು ಲಕ್ಷ ರೂಪಾಯಿಗಳು ತಗಲುತ್ತವೆ. ಎಷ್ಟೋ ಮನೆಗಳಲ್ಲಿ ಅದು ಹೊಲವನ್ನು ಅಡವಿಟ್ಟು ತಂದ ಸಾಲ. ಪರವಾನಗಿ ದೊರೆತ ದಿನವೇ ಉದ್ಯೋಗ ದೊರೆಯುವುದೆಂಬ ಭರವಸೆಯಿಲ್ಲ. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್ ಸಂಸ್ಥೆಗಳು ಹಾರಾಟ ನಿಲ್ಲಿಸಿದಾಗ ನುರಿತ ಚಾಲಕರೂ ಕೆಲಸವಿಲ್ಲದೆ ಕುಳಿತರು. 2020ರ ಸಾಂಕ್ರಾಮಿಕದಲ್ಲಿ ಆಕಾಶವೇ ಬರಿದಾಯಿತು. ಇದಲ್ಲದೆ ಚಾಲಕರು ನಿಯತಕಾಲದಲ್ಲಿ ವೈದ್ಯಕೀಯ ಪರೀಕ್ಷೆಗೆ ಒಳಗಾಗುತ್ತಲೇ ಇರಬೇಕು. ಹೃದಯದ ಒಂದು ದೋಷ ಕಂಡುಬಂದರೂ ಕೈಯಲ್ಲಿರುವ ಪರವಾನಗಿ ನಿಷ್ಫಲವಾಗಬಹುದು. ಆಗ ನೆಲದ ಮೇಲೆ ಬದುಕು ಕಟ್ಟಿಕೊಳ್ಳಲು ಪದವಿ ಆಸರೆಯಾಗುತ್ತದೆ.

ಆದುದರಿಂದ ಈ ಹಾದಿಯನ್ನು ಹಿಡಿಯುವ ಹುಡುಗ ಹುಡುಗಿಯರೂ ಅವರ ತಂದೆತಾಯಿಗಳೂ ಮೊದಲು ಮಾಡಬೇಕಾದುದು ವೈದ್ಯಕೀಯ ಪರೀಕ್ಷೆಯನ್ನು. ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯು ಇಂತಹ ಪರೀಕ್ಷೆ ನಡೆಸುವ ಕೇಂದ್ರಗಳಲ್ಲೊಂದು. ಕನ್ನಡಕ ಧರಿಸುವವರೆಲ್ಲರೂ ಅನರ್ಹರಲ್ಲ. ಬಣ್ಣಗಳನ್ನು ಗುರುತಿಸಲಾರದ ದೃಷ್ಟಿದೋಷ ಮಾತ್ರ ದೊಡ್ಡ ತಡೆಯಾಗಬಲ್ಲದು. ಈ ಪರೀಕ್ಷೆಯ ಫಲ ತಿಳಿಯುವ ಮುನ್ನ ಸಾಲಕ್ಕೆ ಸಹಿ ಹಾಕುವುದು ವಿವೇಕವಲ್ಲ. ತರಬೇತಿಗೆ ಸೇರಿದವರು ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಪದವಿಯನ್ನು ನಿಧಾನವಾಗಿ ಮುಗಿಸಿಕೊಳ್ಳಬಹುದು. ವಿಮಾನವನ್ನು ಏರಿಸಲು ಪದವಿ ಬೇಕಿಲ್ಲ. ಆದರೆ ಹಾರಾಟ ನಿಂತ ದಿನಕ್ಕೂ ಒಂದು ದಾರಿಯನ್ನು ಮೊದಲೇ ಯೋಚಿಸಿಟ್ಟುಕೊಂಡವರು ನಿಶ್ಚಿಂತೆಯಿಂದ ಹಾರಬಲ್ಲರು.