ತಾನಾಗಿ ಕಟ್ಟಿಕೊಳ್ಳುವ ಪಂಜರ

ಮನೆಯೆಂದರೆ ಮೇಸ್ತ್ರಿಯಿರಬೇಕು, ಪಂಜರವೆಂದರೆ ಕಮ್ಮಾರನಿರಬೇಕು ಎಂಬುದು ಲೋಕಾನುಭವ. ಕಂಬಿಗಳನ್ನೂ ಕೀಲುಗಳನ್ನೂ ಒಂದು ಪಾತ್ರೆಯ ನೀರಿನಲ್ಲಿ ಸುರಿದು ಕಲಕಿದರೆ ಅವು ತಾವಾಗಿಯೇ ಕೂಡಿಕೊಂಡು ಪಂಜರವಾಗುವುವೆಂದು ಯಾರಾದರೂ ಹೇಳಿದಲ್ಲಿ ಕೇಳಿದವರು ನಗುವರು. ಆದರೆ ಅಣುಗಳ ಪ್ರಪಂಚದಲ್ಲಿ ಈ ಸಂಗತಿಯು ನಿಜವಾಗಿಯೂ ನಡೆಯುತ್ತಿದೆ. ಇದನ್ನು ನಮ್ಮ ವಾಚಕರ ಮುಂದಿಡುವುದಕ್ಕೆ ಎರಡು ಕಾರಣಗಳುಂಟು. ವಿಷಯವು ಸ್ವತಃ ಆಶ್ಚರ್ಯಕರವಾದುದು. ಅಲ್ಲದೆ ಅದು ಬೆಳೆದುಬಂದ ರೀತಿಯಲ್ಲಿ, ಸಾರ್ವಜನಿಕರ ಹಣವನ್ನು ವಿನಿಯೋಗಿಸತಕ್ಕವರು ಗಮನಿಸಬೇಕಾದ ಪಾಠವೊಂದಿದೆ.

ಲೋಹದ ಪರಮಾಣುವು ತನ್ನ ಸುತ್ತಲೂ ಬೇರೆ ಅಣುಗಳನ್ನು ನಿಯತವಾದ ಸಂಖ್ಯೆಯಲ್ಲಿಯೂ ನಿಯತವಾದ ದಿಕ್ಕುಗಳಲ್ಲಿಯೂ ಹಿಡಿದುಕೊಳ್ಳುವುದೆಂಬ ತತ್ತ್ವವನ್ನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ವೆರ್ನರರು 1893ರಲ್ಲಿ ಪ್ರತಿಪಾದಿಸಿ, 1913ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಹೀಗೆ ಲೋಹಕ್ಕೆ ಅಂಟಿಕೊಳ್ಳುವ ಅಣುಗಳಿಗೆ ಲಿಗ್ಯಾಂಡ್ ಎಂದು ಹೆಸರು. ಪಲ್ಲಾಡಿಯಂ ಎಂಬ ಬೆಲೆಬಾಳುವ ಲೋಹಕ್ಕೆ ನಾಲ್ಕು ಕೈಗಳಿದ್ದು, ಅವು ಒಂದೇ ಸಮತಲದಲ್ಲಿ ಚೌಕದ ಮೂಲೆಗಳ ಕಡೆಗೆ ಚಾಚಿರುವುವು. ಜಪಾನಿನ ಚಿಬಾ ವಿಶ್ವವಿದ್ಯಾನಿಲಯದಲ್ಲಿದ್ದ ಮಕೋತೊ ಫುಜಿತರು ಆ ಕೈಗಳಲ್ಲಿ ಎರಡನ್ನು ಮುಚ್ಚಿ, ಸಮಕೋನದಲ್ಲಿ ತೆರೆದ ಉಳಿದೆರಡಕ್ಕೆ, ಎರಡು ತುದಿಗಳಲ್ಲಿಯೂ ಲೋಹವನ್ನು ಹಿಡಿಯಬಲ್ಲ ನೆಟ್ಟನೆಯ ಲಿಗ್ಯಾಂಡುಗಳನ್ನು ಒದಗಿಸಿದರು. ದ್ರಾವಣದಲ್ಲಿ ನಾಲ್ಕು ಲೋಹಗಳು ಮೂಲೆಗಳಾಗಿ, ನಾಲ್ಕು ಲಿಗ್ಯಾಂಡುಗಳು ಭುಜಗಳಾಗಿ, ಚೌಕವೊಂದು ತಾನಾಗಿ ಏರ್ಪಟ್ಟಿತು. ಇದು ಪ್ರಕಟವಾದುದು 1990ರಲ್ಲಿ. ನೆಟ್ಟನೆಯ ಲಿಗ್ಯಾಂಡಿಗೆ ಬದಲಾಗಿ ತ್ರಿಕೋನಾಕಾರದ ಲಿಗ್ಯಾಂಡನ್ನು ಬಳಸಲು, ಆರು ಪಲ್ಲಾಡಿಯಂಗಳೂ ನಾಲ್ಕು ಲಿಗ್ಯಾಂಡುಗಳೂ ಸೇರಿ ಪೊಳ್ಳಾದ ಪಂಜರವೇ ಆಯಿತೆಂದು 1995ರಲ್ಲಿ ಅವರು ತಿಳಿಸಿದರು. ಇಂತಹ ಪಂಜರಗಳನ್ನು ಅಳೆಯುವ ಮಾನವು ನ್ಯಾನೊಮೀಟರು, ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು.

ಇಲ್ಲಿ ಮುಖ್ಯವಾಗಿ ಗ್ರಹಿಸಬೇಕಾದ ಅಂಶವೊಂದುಂಟು. ಕೂಡುವಾಗ ಅಣುಗಳು ತಪ್ಪುವುದಿಲ್ಲವೆಂದಲ್ಲ. ಮೊದಮೊದಲು ಅವು ಹೇಗೆಂದರೆ ಹಾಗೆ ಸೇರಿ, ಸೊಟ್ಟ ಸರಪಣಿಗಳೂ ಅರೆಬರೆ ತುಂಡುಗಳೂ ಆಗಬಹುದು. ಆದರೆ ಲೋಹಕ್ಕೂ ಲಿಗ್ಯಾಂಡಿಗೂ ಇರುವ ಈ ಬಂಧವು ಇಂಗಾಲದ ಪರಮಾಣುಗಳ ನಡುವಣ ಬಂಧದಷ್ಟು ಬಿಗಿಯಾದುದಲ್ಲ. ಅದು ಬಿಡಬಲ್ಲುದು, ಮತ್ತೆ ಹಿಡಿಯಬಲ್ಲುದು. ಆದಕಾರಣ ತಪ್ಪಾಗಿ ಕೂಡಿದ ತುಂಡು ಕಳಚಿಕೊಂಡು ಬೇರೆ ಸ್ಥಾನವನ್ನು ಹುಡುಕುವುದು. ಒಂದು ಕೈಯೂ ಬರಿದಾಗಿ ಉಳಿಯದ, ಎಲ್ಲಿಯೂ ಸೆಳೆತವಿಲ್ಲದ ಆಕಾರವು ದೊರೆತಾಗ ಅದೇ ನಿಲ್ಲುವುದು. ಬಂಧವು ಬಿಡಿಸಲಾರದಷ್ಟು ಗಟ್ಟಿಯಾಗಿದ್ದರೆ ಮೊದಲ ತಪ್ಪೇ ಶಾಶ್ವತವಾಗುತ್ತಿದ್ದಿತು.

ಬಾಗಿದ ಲಿಗ್ಯಾಂಡುಗಳನ್ನು ಬಳಸಿ ಫುಜಿತರ ತಂಡದವರು 2004ರಲ್ಲಿ 12 ಪಲ್ಲಾಡಿಯಂ, 24 ಲಿಗ್ಯಾಂಡುಗಳ ಗೋಳವನ್ನು ಪಡೆದರು. ಬಾಗಿನ ಕೋನವನ್ನು ಕೆಲವೇ ಡಿಗ್ರಿಗಳಷ್ಟು ಹಿಗ್ಗಿಸಲು ಅದು 24ಕ್ಕೆ 48ರ ಗೋಳಕ್ಕೆ ಒಮ್ಮೆಗೇ ನೆಗೆಯಿತೆಂದು 2010ರಲ್ಲಿ ಕಂಡುಬಂದಿತು. 2016ರಲ್ಲಿ 48 ಲೋಹಗಳೂ 96 ಲಿಗ್ಯಾಂಡುಗಳೂ, ಒಟ್ಟು 144 ತುಂಡುಗಳು ತಾವಾಗಿ ಕೂಡಿದ ಗೋಳವು ಸಿದ್ಧಿಸಿತು. ಅಂತಹುದು ಸಾಧ್ಯವೆಂದು ಮುಂಚಿತವಾಗಿ ಸೂಚಿಸಿದುದು ಗಣಿತಶಾಸ್ತ್ರವೆಂಬುದು ಗಮನಾರ್ಹವಾಗಿದೆ.

ಇನ್ನು ಪ್ರಯೋಜನದ ಪ್ರಶ್ನೆ. 2006ರಲ್ಲಿ ಫುಜಿತರ ತಂಡದವರು ಮೂರು ಉಂಗುರಗಳು ಸಾಲಾಗಿ ಕೂಡಿದ ಆಂಥ್ರಸೀನ್ ಎಂಬ ಪದಾರ್ಥವನ್ನು ಪಂಜರದೊಳಗೆ ಇನ್ನೊಂದು ಪದಾರ್ಥದೊಡನೆ ಸಂಯೋಗಗೊಳಿಸಿದರು. ಬಯಲಿನಲ್ಲಿ ನಡುವಣ ಉಂಗುರದಲ್ಲಿ ಆಗತಕ್ಕ ಸಂಯೋಗವು ಪಂಜರದ ಇಕ್ಕಟ್ಟಿನಲ್ಲಿ ತುದಿಯ ಉಂಗುರದಲ್ಲಿ ಆಯಿತು. 2009ರಲ್ಲಿ ಕೇಂಬ್ರಿಜ್ಜಿನ ಜೊನಾಥನ್ ನಿಟ್ಷ್ಕೆಯವರ ತಂಡದವರು ನಾಲ್ಕು ಕಬ್ಬಿಣದ ಪರಮಾಣುಗಳ ಪಂಜರದೊಳಗೆ ಬಿಳಿಯ ರಂಜಕವನ್ನು ಸೇರಿಸಿದರು. ಗಾಳಿ ಸೋಕಿದರೆ ತಾನೇ ಹೊತ್ತಿಕೊಳ್ಳುವ ಆ ಪದಾರ್ಥವು ಅಲ್ಲಿ ಗಾಳಿಗಿಟ್ಟರೂ ಸುಮ್ಮನಿದ್ದಿತು. ಆಮ್ಲಜನಕವು ಒಳಗೆ ಹೋಗಲಾರದೆಂದಲ್ಲ, ಅದರೊಡನೆ ಕೂಡಿ ಬೆಳೆಯುವುದಕ್ಕೆ ರಂಜಕಕ್ಕೆ ಅಲ್ಲಿ ಸ್ಥಳವಿಲ್ಲವೆಂದು ಅವರ ವಿವರಣೆ. ಬೇಕಾದಾಗ ಬೆಂಜೀನನ್ನು ಒಳಗೆ ಬಿಟ್ಟು ರಂಜಕವನ್ನು ಹೊರಡಿಸಬಹುದು. ಔಷಧಗಳನ್ನು ಶರೀರದಲ್ಲಿ ಸಾಗಿಸುವ ಪಂಜರಗಳ ಮಾತೂ ಉಂಟು. ಆದರೆ ಅದಿನ್ನೂ ಪ್ರಯೋಗದ ಮಟ್ಟದಲ್ಲಿರುವುದರಿಂದ ಅತಿಶಯೋಕ್ತಿಯು ಸಲ್ಲದು.

ಈ ವರ್ಷಗಳ ಅಂತರವನ್ನು ವಾಚಕರು ಎಣಿಸಿ ನೋಡಬೇಕು. ಬರಿಯ ಚೌಕದಿಂದ ರಂಜಕವನ್ನು ಅಡಗಿಸಿದ ಪಂಜರಕ್ಕೆ 19 ವರ್ಷಗಳು ಹಿಡಿದುವು. ಇದೇ ತತ್ತ್ವದಿಂದ, ಮುಚ್ಚಿಕೊಳ್ಳದೆ ಜಾಲದಂತೆ ಹರಡುತ್ತ ಹೋಗುವ ಲೋಹ-ಸಾವಯವ ಚೌಕಟ್ಟುಗಳ ಕೆಲಸವನ್ನು ರಿಚರ್ಡ್ ರಾಬ್ಸನ್ನರು ಆಸ್ಟ್ರೇಲಿಯದಲ್ಲಿ ಪ್ರಕಟಿಸಿದುದು 1989ರಲ್ಲಿ; ಅವರಿಗೆ ಕಿತಗಾವ, ಯಾಗಿ ಇವರೊಡನೆ ನೊಬೆಲ್ ಪಾರಿತೋಷಕವು ಬಂದುದು 2025ರಲ್ಲಿ. ಆರಂಭದಲ್ಲಿಯೇ ಲಾಭದ ಲೆಕ್ಕವನ್ನು ಕೇಳಿ, ಉತ್ತರ ಬಾರದೆಂದು ಹಣವನ್ನು ನಿಲ್ಲಿಸಿದ್ದರೆ ಇವುಗಳಲ್ಲಿ ಯಾವುದೂ ಆಗುತ್ತಿರಲಿಲ್ಲ.

ಈ ಮಾತು ನಮಗೆ ದೂರದ್ದಲ್ಲ. 1909ರಲ್ಲಿ ಸ್ಥಾಪಿತವಾಗಿ, ಬೆಂಗಳೂರಿನ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಪಾರ್ಥಸಾರಥಿ ಮುಖರ್ಜಿಯವರು ಇಂತಹ ಪಂಜರಗಳನ್ನೇ ಕಟ್ಟುತ್ತ, 2016ರ ಶಾಂತಿಸ್ವರೂಪ ಭಟ್ನಾಗರ್ ಪಾರಿತೋಷಕವನ್ನು ಗಳಿಸಿರುವರು. ವಿದ್ಯೆಯು ನಮ್ಮ ಊರಿನಲ್ಲಿಯೇ ಇದೆ. ಅದಕ್ಕೆ ಬೇಕಾದುದು ಕಾಲ, ಸಲಕರಣೆ, ಮತ್ತು ಬಿಚ್ಚಿ ಮತ್ತೆ ಕಟ್ಟುವ ಸ್ವಾತಂತ್ರ್ಯ. ಸಂಶೋಧನೆಯ ಅರ್ಜಿಗಳು ಯಾರ ಮೇಜಿನ ಮೇಲೆ ಬರುವುವೋ ಆ ಅಧಿಕಾರಿಗಳು, ಇದರಿಂದ ಮುಂದಿನ ವರ್ಷ ಏನು ಬರುವುದೆಂದು ಕೇಳುವುದಕ್ಕೆ ಮೊದಲು, ಪ್ರಶ್ನೆಯು ಒಳ್ಳೆಯದೇ, ಕೆಲಸಗಾರನು ನಂಬತಕ್ಕವನೇ ಎಂದು ವಿಚಾರಿಸಲಿ. ಇವೆರಡಕ್ಕೂ ಹೌದೆಂಬ ಉತ್ತರ ಬಂದಲ್ಲಿ, ಮಂಜೂರಾತಿಗೆ ವಿಳಂಬ ಮಾಡಬಾರದೆಂದು ನಮ್ಮ ಅಭಿಪ್ರಾಯ.